ಜ್ವರದ ಮಾತ್ರೆ ಬೆಕ್ಕಿಗೆ ವಿಷ: ಪಶುಪಾಲನಾ ಇಲಾಖೆಯ ಆಯುಕ್ತರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆ,
ಬೆಂಗಳೂರು.

ವಿಷಯ: ಸಾಕುನಾಯಿ, ಬೆಕ್ಕುಗಳಿಗೆ ಮನೆಯಲ್ಲಿ ಕೊಡುವ ತಪ್ಪು ಮದ್ದುಗಳಿಂದ ಆಗುತ್ತಿರುವ ಸಾವು, ತಿಳಿವಳಿಕೆ ಚೀಟಿ ಮತ್ತು ತಾಲ್ಲೂಕು ಮಟ್ಟದಲ್ಲಿ ತುರ್ತು ಔಷಧಗಳ ವ್ಯವಸ್ಥೆ ಕೋರಿ.

ಮಾನ್ಯರೇ,

ನಾಯಿ, ಬೆಕ್ಕುಗಳ ಚಿಕಿತ್ಸೆ ಮತ್ತು ಆರೈಕೆಯ ಕೆಲಸದಲ್ಲಿರುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಕಾಯಿಲೆ ಬಿದ್ದ ಪ್ರಾಣಿಯನ್ನು ಮೇಜಿನ ಮೇಲೆ ಮಲಗಿಸಿದ ಕೂಡಲೇ ನಾವು ಕೇಳುವ ಮೊದಲ ಮಾತು, "ಮನೆಯಲ್ಲಿ ಏನು ಕೊಟ್ಟಿರಿ?" ಎಂದು. ಏನಾದರೂ ಕೊಟ್ಟೇ ಇರುತ್ತಾರೆ. ಪ್ರೀತಿ ಇದ್ದದ್ದಕ್ಕೇ ಕೊಟ್ಟಿರುತ್ತಾರೆ. ಅರ್ಧ ಜ್ವರದ ಮಾತ್ರೆ, ಒಂದು ಚಮಚ ಹರಳೆಣ್ಣೆ, ಉಪ್ಪು ನೀರು, ಹುಣಸೆ ನೀರು, ದನಕ್ಕೆ ತಂದಿಟ್ಟ ಸೂಜಿಮದ್ದು. ಬಂದಿದ್ದ ಕಾಯಿಲೆ ವಾಸಿಯಾಗುವಂಥದ್ದೇ ಆಗಿದ್ದು, ಕೊಟ್ಟ ಮದ್ದೇ ಪ್ರಾಣ ತೆಗೆದದ್ದನ್ನು ನಾವು ಮತ್ತೆ ಮತ್ತೆ ನೋಡುತ್ತಿದ್ದೇವೆ. ಇದು ತಪ್ಪಿಸಬಹುದಾದ ಸಾವು. ತಪ್ಪಿಸುವ ಶಕ್ತಿ ತಮ್ಮ ಇಲಾಖೆಗಿದೆ ಎಂಬ ನಂಬಿಕೆಯಿಂದಲೇ ತಮಗೆ ಬರೆಯುತ್ತಿದ್ದೇವೆ.

ಮೊದಲು ಜ್ವರದ ಮಾತ್ರೆಯ ವಿಷಯ. ಎಲ್ಲರ ಮನೆಯಲ್ಲೂ ಇರುವುದು ಪ್ಯಾರಸಿಟಮಾಲ್. ಮನುಷ್ಯರ ಯಕೃತ್ತು ಈ ಔಷಧವನ್ನು ಒಂದು ಆಮ್ಲದ ಜೊತೆ ಬೆಸೆದು ಮೂತ್ರದಲ್ಲಿ ಹೊರಹಾಕುತ್ತದೆ. ಹಾಗೆ ಬೆಸೆಯುವ ಕಿಣ್ವ ಬೆಕ್ಕಿನಲ್ಲಿ ಹೆಸರಿಗಷ್ಟೇ ಇದೆ. ಹೊರಹೋಗಲಾರದ ಔಷಧ ದೇಹದೊಳಗೇ ವಿಷವಾಗಿ ಮಾರ್ಪಟ್ಟು ನೇರವಾಗಿ ಕೆಂಪು ರಕ್ತಕಣಗಳ ಮೇಲೆ ಬೀಳುತ್ತದೆ. ಆಮ್ಲಜನಕ ಹೊರಬೇಕಾದ ಹಿಮೋಗ್ಲೋಬಿನ್ ಅದನ್ನು ಹೊರಲಾರದ ರೂಪಕ್ಕೆ ತಿರುಗುತ್ತದೆ. ಕೆಜಿಗೆ 10 ಮಿಲಿಗ್ರಾಂ ಆಸುಪಾಸಿನಲ್ಲೇ ಬೆಕ್ಕುಗಳಲ್ಲಿ ವಿಷಲಕ್ಷಣ ಕಂಡ ದಾಖಲೆಗಳಿವೆ. ನಾಲ್ಕು ಕೆಜಿ ತೂಗುವ ಬೆಕ್ಕಿಗೆ 500 ಮಿಲಿಗ್ರಾಂ ಮಾತ್ರೆ ಕೊಟ್ಟರೆ ಕೆಜಿಗೆ 125 ಮಿಲಿಗ್ರಾಂ ಆಯಿತು. ಕಾಲು ಮಾತ್ರೆ ಕೊಟ್ಟರೂ 31. ಮಕ್ಕಳ ಸಿರಪ್ ಕೊಟ್ಟರೂ ಅದೇ ಔಷಧ, ಅದೇ ವಿಷ.

ಅಂಥ ಬೆಕ್ಕನ್ನು ಒಮ್ಮೆ ನೋಡಿದವರು ಮರೆಯಲಾರರು. ಮಾತ್ರೆ ಹೊಟ್ಟೆ ಸೇರಿದ ಕೆಲವೇ ಗಂಟೆಗಳಲ್ಲಿ ಮುಖ ಊದಿಕೊಂಡು ಕಣ್ಣು ಕಿರಿದಾಗುತ್ತದೆ, ಮುಂಗಾಲಿನ ಪಾದಗಳು ಉಬ್ಬುತ್ತವೆ. ತುಟಿ ಎತ್ತಿ ನೋಡಿದರೆ ಗುಲಾಬಿಯಾಗಿರಬೇಕಾದ ವಸಡು ರಾಗಿ ಅಂಬಲಿಯ ಬಣ್ಣಕ್ಕೆ ತಿರುಗಿರುತ್ತದೆ. ಸಿರಿಂಜಿಗೆ ತೆಗೆದ ರಕ್ತ ಕಾಫಿ ಡಿಕಾಕ್ಷನ್‌ನಂತೆ ಕಂದಾಗಿರುತ್ತದೆ. ಬಿಳಿ ಹತ್ತಿಯ ಮೇಲೆ ಒಂದು ಹನಿ ಬಿಟ್ಟು ಗಾಳಿಗಿಟ್ಟರೂ ಕೆಂಪಾಗುವುದಿಲ್ಲ. ಬೆಕ್ಕು ಬಾಯಿ ತೆರೆದು ಏದುಸಿರು ಬಿಡುತ್ತಿರುತ್ತದೆ. ಇದಕ್ಕೆ ಪ್ರತಿಮದ್ದು ಇದೆ: ಎನ್-ಅಸಿಟೈಲ್ ಸಿಸ್ಟೀನ್. ಮೊದಲು ಕೆಜಿಗೆ 140 ಮಿಲಿಗ್ರಾಂ, ಆಮೇಲೆ ಆರು ಗಂಟೆಗೊಮ್ಮೆ 70. ಮನುಷ್ಯರ ಔಷಧದಂಗಡಿಯಲ್ಲಿ ಕಫ ಕರಗಿಸಲು ಮಾರುವ ಸಾಮಾನ್ಯ ಔಷಧವೇ ಇದು. ಆದರೆ ರಾತ್ರಿ ಹತ್ತಕ್ಕೆ, ಊರಲ್ಲಿ ಒಂದೂ ಬಾಗಿಲು ತೆರೆದಿಲ್ಲದ ಹೊತ್ತಿನಲ್ಲಿ, ಅದನ್ನು ಎಲ್ಲಿಂದ ತರುವುದು?

ಜನ ಮಾತ್ರೆ ಕೊಡುವುದಾದರೂ ಏಕೆ? ಮೈ ಮುಟ್ಟಿದರೆ ಬಿಸಿ. ಥರ್ಮಾಮೀಟರ್ ಇಟ್ಟು ನೋಡುವವರಿಗೆ 101.5 ಕಾಣಿಸುತ್ತದೆ, ಮನುಷ್ಯರ ಲೆಕ್ಕದಲ್ಲಿ ಅದು ಜ್ವರ. ನಾಯಿ, ಬೆಕ್ಕಿಗೆ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ ಉಷ್ಣತೆ. ಈ ಒಂದು ಅಂಕಿ ಗೊತ್ತಿಲ್ಲದೆ, ಜ್ವರವೇ ಇಲ್ಲದ ಪ್ರಾಣಿಗೆ ಜ್ವರದ ಮಾತ್ರೆ ಹೋಗುತ್ತಿದೆ. ಮೂಗು ಒಣಗಿದ್ದರೆ ಜ್ವರ ಎನ್ನುವ ಮಾತಿಗೂ ಅರ್ಥವಿಲ್ಲ. ನಿದ್ದೆಯಿಂದ ಎದ್ದ ನಾಯಿಯ ಮೂಗು ಒಣಗಿಯೇ ಇರುತ್ತದೆ. ಡಿಜಿಟಲ್ ಥರ್ಮಾಮೀಟರಿನ ತುದಿಗೆ ಕೊಬ್ಬರಿ ಎಣ್ಣೆ ಸವರಿ, ಗುದದೊಳಗೆ ಎರಡು ಸೆಂಟಿಮೀಟರಿನಷ್ಟು ಇಟ್ಟು, ಬೀಪ್ ಬರುವತನಕ ಕಾಯಬೇಕು. 103 ದಾಟಿದ್ದರೆ ವೈದ್ಯರಿಗೆ ತೋರಿಸಬೇಕು. ಆಗಲೂ ಮನೆಯ ಮಾತ್ರೆ ಬೇಡ.

ನಾಯಿಗೆ ಪ್ಯಾರಸಿಟಮಾಲ್ ಬೆಕ್ಕಿನಷ್ಟು ಬೇಗ ತಗಲುವುದಿಲ್ಲ, ನಿಜ. ಆದರೆ ಕುಂಟುವ ನಾಯಿಗೆ ಮೊಣಕಾಲು ನೋವಿನ ಮಾತ್ರೆ ಕೊಡುತ್ತಾರಲ್ಲ, ಆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಅದರ ಜಠರದಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಮಲ ಟಾರಿನಂತೆ ಕಪ್ಪಾಗಿ ಅಂಟಂಟಾಗಿ ಬಂದರೆ ಅದು ಹೊಟ್ಟೆಯೊಳಗೆ ಸೋರಿದ ರಕ್ತ. ಇಲ್ಲೊಂದು ಮಾತು ನೆನಪಿಸಬೇಕು. ಡೈಕ್ಲೋಫೆನಾಕ್ ಕೊಟ್ಟ ಜಾನುವಾರಿನ ಹೆಣ ತಿಂದು ರಣಹದ್ದುಗಳು ಸಾಯುತ್ತಿವೆ ಎಂದು ತಿಳಿದಾಗ, 2006ರಲ್ಲಿ ಜಾನುವಾರುಗಳಿಗೆ ಆ ಔಷಧ ಕೊಡುವುದನ್ನು ದೇಶದಲ್ಲಿ ನಿಷೇಧಿಸಲಾಯಿತು. ಮನುಷ್ಯರ ದೊಡ್ಡ ಬಾಟಲಿಗಳು ದನಗಳಿಗೆ ಹೋಗುತ್ತಿದ್ದದ್ದು ಕಂಡು 2015ರಲ್ಲಿ ಚುಚ್ಚುಮದ್ದಿನ ಬಾಟಲಿಯ ಅಳತೆಯನ್ನೇ 3 ಮಿಲಿಲೀಟರಿಗೆ ಇಳಿಸಲಾಯಿತು. ಪ್ರಾಣಿಗಳ ಜೀವಕ್ಕಾಗಿ ಔಷಧದಂಗಡಿಯ ಕಟ್ಟೆಯ ತನಕ ಸರ್ಕಾರ ಕೈ ಚಾಚಿದ ಉದಾಹರಣೆ ನಮ್ಮಲ್ಲೇ ಇದೆ. ಈಗ ನಾವು ಕೇಳುತ್ತಿರುವುದು ನಿಷೇಧವನ್ನೂ ಅಲ್ಲ, ಗೋಡೆಗೆ ಅಂಟಿಸುವ ಒಂದು ಹಾಳೆಯನ್ನು.

ಹಳ್ಳಿಗಳ ಕಡೆ ತೊಂದರೆ ಬೇರೆ ರೂಪದಲ್ಲಿದೆ. ಅಲ್ಲಿ ನಾಯಿಗೆ ಸಿಗುವುದು ದನದ ಔಷಧ. ಉಣ್ಣಿ, ಕಜ್ಜಿಗೆಂದು ಐವರ್‌ಮೆಕ್ಟಿನ್ ಚುಚ್ಚುತ್ತಾರೆ. ಬಾಟಲಿಯಲ್ಲಿರುವುದು ಪ್ರತಿ ಮಿಲಿಲೀಟರಿಗೆ 10 ಮಿಲಿಗ್ರಾಂ. ದನಕ್ಕೆ 50 ಕೆಜಿ ತೂಕಕ್ಕೆ ಒಂದು ಮಿಲಿಲೀಟರ್ ಲೆಕ್ಕ. ಮೂರು ಕೆಜಿ ಮರಿಗೆ ಅದೇ ಲೆಕ್ಕ ಹಿಡಿದರೂ 0.06 ಮಿಲಿಲೀಟರ್, ಅಂದರೆ ಒಂದೆರಡು ಹನಿ. ಐದು ಮಿಲಿಲೀಟರಿನ ಸಿರಿಂಜಿನಲ್ಲಿ ಅಷ್ಟನ್ನು ಅಳೆಯಲು ಯಾರಿಂದಲೂ ಆಗದು. "ಚಿಕ್ಕದಲ್ವಾ, ಅರ್ಧ ಸಾಕು" ಎಂದು ಅರ್ಧ ಮಿಲಿಲೀಟರ್ ಚುಚ್ಚಿದರೆ ಎಂಟು ಪಟ್ಟಾಯಿತು. ಪಾಪೆ ಅಗಲವಾಗಿ, ಕಣ್ಣು ಕಾಣದೆ, ಕುಡಿದವರಂತೆ ತೂರಾಡಿ, ಕೊನೆಗೆ ಎಚ್ಚರ ತಪ್ಪಿ ಬೀಳುತ್ತದೆ. ನೇರವಾದ ಪ್ರತಿಮದ್ದಿಲ್ಲ, ದಿನಗಟ್ಟಲೆ ಸಲೈನ್ ಕೊಟ್ಟು, ಮಗ್ಗುಲು ಬದಲಿಸುತ್ತಾ ಕಾಯಬೇಕು. ಕೋಲಿ ಜಾತಿಯ ನಾಯಿಗಳಿಗಂತೂ ಮಿದುಳಿಗೆ ಈ ಔಷಧ ಹೋಗದಂತೆ ತಡೆಯುವ ವ್ಯವಸ್ಥೆಯೇ ಹುಟ್ಟಿನಿಂದ ದುರ್ಬಲವಾಗಿರುವುದುಂಟು.

ಉಣ್ಣಿಗೆ ಮೈಮೇಲೆ ಹಚ್ಚುವ ಔಷಧಗಳ ಕಥೆಯೂ ಹೀಗೆಯೇ. ದನದ ಮೈ ತೊಳೆಯುವ ಡೆಲ್ಟಾಮೆಥ್ರಿನ್ ಆಗಲಿ, ನಾಯಿಯ ಕುತ್ತಿಗೆಯ ಹಿಂದೆ ಬಿಡುವ ಪರ್ಮೆಥ್ರಿನ್ ಹನಿಗಳಾಗಲಿ ಬೆಕ್ಕಿಗೆ ತಗಲಿದರೆ ಕಿವಿ ಅದುರುವುದರಿಂದ ಶುರುವಾಗಿ ಮೈಯೆಲ್ಲ ನಡುಗಿ ಫಿಟ್ಸ್ ಬರುತ್ತದೆ. ನಾಯಿಗೆ ಹಚ್ಚಿದ ದಿನ ಅದರ ಮಗ್ಗುಲಲ್ಲಿ ಬೆಕ್ಕು ಮಲಗಿದರೂ ಸಾಕು. ಎರಡು ಮೂರು ದಿನ ಬೇರೆ ಬೇರೆ ಇಡಬೇಕು. ತಗಲಿಬಿಟ್ಟಿದ್ದರೆ ಪಾತ್ರೆ ತೊಳೆಯುವ ಸೋಪು ಮತ್ತು ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸಿ, ಟವೆಲ್ ಸುತ್ತಿ ವೈದ್ಯರ ಬಳಿ ಒಯ್ಯಬೇಕು. ಬಿಸಿನೀರು ಹಾಕಿದರೆ ಚರ್ಮದೊಳಗೆ ಇನ್ನಷ್ಟು ಇಳಿಯುತ್ತದೆ. ಕಪ್ಪು ಫಿನಾಯಿಲ್ ಬಗ್ಗೆಯೂ ಹೇಳಬೇಕು. ಒರೆಸಿದ ನೆಲದ ಮೇಲೆ ಓಡಾಡಿದ ಬೆಕ್ಕು ಪಾದ ನೆಕ್ಕಿಕೊಳ್ಳುತ್ತದೆ. ನೆಲ ಪೂರ್ತಿ ಒಣಗಿದ ಮೇಲೂ ಇನ್ನೊಮ್ಮೆ ಬರೀ ನೀರಿನಲ್ಲಿ ಒರೆಸುವುದು ಕ್ಷೇಮ; ಬೆಕ್ಕಿರುವ ಮನೆಗೆ ಕಪ್ಪು ಫಿನಾಯಿಲ್ ತರದಿದ್ದರೆ ಇನ್ನೂ ಕ್ಷೇಮ.

ಇಲಿ ಪಾಷಾಣ ತಿಂದ ನಾಯಿಗೆ ಮನೆಯವರು ಮೊದಲು ಮಾಡುವುದು ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವುದು. ವಾಂತಿಯಾಗದೆ ಅಷ್ಟೂ ಉಪ್ಪು ರಕ್ತಕ್ಕೆ ಸೇರಿದರೆ ಮಿದುಳಿನ ಮೇಲೆ ಹೊಡೆತ ಬಿದ್ದು ಫಿಟ್ಸ್ ಬರುತ್ತದೆ. ಹುಣಸೆ ನೀರು ಕೊಡುವವರೂ ಇದ್ದಾರೆ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಹುಣಸೆಯಲ್ಲೂ ತುಂಬಿದೆ, ಅದು ನಾಯಿಯ ಮೂತ್ರಪಿಂಡಕ್ಕೆ ಹಾನಿ. ತಿಂದದ್ದು ಯಾವ ಪಾಷಾಣ ಎನ್ನುವುದರ ಮೇಲೆ ಚಿಕಿತ್ಸೆಯೇ ಬೇರೆಯಾಗುತ್ತದೆ. ಬೂದು ಮಿಶ್ರಿತ ಕಪ್ಪು ಪುಡಿಯಾದರೆ ಅದು ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲ ಸೋಕಿದೊಡನೆ ಫಾಸ್ಫೀನ್ ಎಂಬ ಅನಿಲ ಏಳುತ್ತದೆ, ಬಾಯಿ ಬೆಳ್ಳುಳ್ಳಿಯಂತೆ ವಾಸನೆ ಬರುತ್ತದೆ. ಆಗ ನಾಯಿಗೆ ಅನ್ನ, ಹಾಲು ತಿನ್ನಿಸಿದರೆ ಆಮ್ಲ ಹೆಚ್ಚಿ ಅನಿಲವೂ ಹೆಚ್ಚುತ್ತದೆ. ಆ ವಾಂತಿಯ ಗಾಳಿ ಮನುಷ್ಯರಿಗೂ ಕೆಟ್ಟದ್ದು. ಆಟೋದಲ್ಲಾಗಲಿ ಕಾರಿನಲ್ಲಾಗಲಿ ಕಿಟಕಿ ತೆರೆದೇ ಒಯ್ಯಬೇಕು.

ಬಣ್ಣ ಹಾಕಿದ ಕೇಕಿನ ರೂಪದ ಪಾಷಾಣವಾದರೆ ಅದು ಸಾಮಾನ್ಯವಾಗಿ ಬ್ರೋಮಾಡಿಯೋಲೋನ್. ಮೋಸ ಇರುವುದು ಇಲ್ಲೇ. ತಿಂದ ದಿನ ಏನೂ ಆಗುವುದಿಲ್ಲ, ಮರುದಿನವೂ ನಾಯಿ ಬಾಲ ಅಲ್ಲಾಡಿಸುತ್ತದೆ. "ಏನೂ ಆಗಲಿಲ್ಲ" ಎಂದು ಮನೆಯವರು ನಿರಾಳರಾಗುತ್ತಾರೆ. ಎರಡರಿಂದ ಐದು ದಿನಗಳಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳ ದಾಸ್ತಾನು ಮುಗಿದು ಮೂಗಿನಲ್ಲಿ, ಮಲದಲ್ಲಿ, ಎದೆಗೂಡಿನೊಳಗೆ ರಕ್ತ ಸೋರಲು ಶುರುವಾಗುತ್ತದೆ. ತಿಂದ ದಿನವೇ ಬಂದರೆ ಉಳಿಸುವುದು ಸುಲಭ. ಬೇಕಾದ ಮದ್ದು ವಿಟಮಿನ್ ಕೆ-1. ಅಗ್ಗಕ್ಕೆ ಸಿಗುವ ಕೆ-3 ಇಲ್ಲಿ ಕೆಲಸ ಮಾಡುವುದಿಲ್ಲ. ಮೂರು ನಾಲ್ಕು ವಾರ ಬಿಡದೆ ಕೊಡಬೇಕು. ನಾಯಿ ಚುರುಕಾಯಿತೆಂದು ಹತ್ತನೇ ದಿನಕ್ಕೆ ನಿಲ್ಲಿಸಿದರೆ ಮತ್ತೆ ರಕ್ತ ಸೋರುತ್ತದೆ. ಪಾಷಾಣದ ಪೊಟ್ಟಣವನ್ನು ಬಿಸಾಡದೆ ಜೊತೆಗೆ ತನ್ನಿ ಎಂಬ ಒಂದೇ ಮಾತು ಎಷ್ಟೋ ಜೀವ ಉಳಿಸುತ್ತದೆ. ಮಲೆನಾಡಿನ ಅಡಿಕೆ, ಕಾಫಿ ತೋಟಗಳಲ್ಲಿ ಬಸವನಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಕಾಳುಗಳಿಗೂ ಇದೇ ಮಾತು ಸಲ್ಲುತ್ತದೆ. ಅದರ ರುಚಿಗೆ ನಾಯಿಗಳು ಹುಡುಕಿಕೊಂಡು ಹೋಗಿ ತಿನ್ನುತ್ತವೆ, ಒಂದೆರಡು ಗಂಟೆಯಲ್ಲೇ ಮೈ ಕಾದು ನಡುಕ ಹಿಡಿಯುತ್ತದೆ.

ಗಂಡು ಬೆಕ್ಕಿನ ಮೂತ್ರ ಕಟ್ಟುವ ತೊಂದರೆಯನ್ನು ಬಿಡಿಸಿ ಹೇಳದೆ ಮುಂದೆ ಹೋಗಲಾರೆವು. ಬೆಕ್ಕು ಮರಳಿನ ತಟ್ಟೆಗೆ ಹತ್ತು ಸಲ ಹೋಗಿ ಕೂರುತ್ತದೆ, ತಿಣುಕುತ್ತದೆ, ಕೂಗುತ್ತದೆ, ಹಿಂದುಗಡೆ ನೆಕ್ಕಿಕೊಳ್ಳುತ್ತದೆ. ಮನೆಯವರ ಕಣ್ಣಿಗೆ ಅದು ಮಲಬದ್ಧತೆ. ಹರಳೆಣ್ಣೆ ಕುಡಿಸಿ ಒಂದು ದಿನ ಕಾಯುತ್ತಾರೆ. ಆ ಒಂದು ದಿನವೇ ಬೆಕ್ಕಿಗಿದ್ದ ಸಮಯ. ಸಣ್ಣ ಹರಳು, ಲೋಳೆ ಸೇರಿ ಮೂತ್ರನಾಳಕ್ಕೆ ಬಿರಡೆ ಬಿದ್ದಿರುತ್ತದೆ. ಕೆಳಹೊಟ್ಟೆಯಲ್ಲಿ ಮೂತ್ರಕೋಶ ಮೂಸಂಬಿಯಂತೆ ಗಟ್ಟಿಯಾಗಿ ಕೈಗೆ ಸಿಗುತ್ತದೆ. ಅದನ್ನು ಮನೆಯಲ್ಲಿ ಒತ್ತಬಾರದು, ಒಡೆದುಹೋಗುತ್ತದೆ. ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲಿ ಏರುತ್ತಾ ಹೋಗಿ ಒಂದೆರಡು ದಿನದಲ್ಲಿ ಹೃದಯ ನಿಲ್ಲುತ್ತದೆ. ಅರಿವಳಿಕೆ ಕೊಟ್ಟು 3.5 ಫ್ರೆಂಚ್ ಅಳತೆಯ ತೆಳುವಾದ ನಳಿಕೆ ಹಾಕಿ ಬಿರಡೆ ಬಿಡಿಸಿದರೆ ಬದುಕುತ್ತದೆ. ನಾವು ಕಂಡ ಎಷ್ಟೋ ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ವೈದ್ಯರಿದ್ದರು, ನಳಿಕೆ ಇರಲಿಲ್ಲ.

ಹುಚ್ಚುನಾಯಿ ರೋಗದಲ್ಲಂತೂ ತಪ್ಪು ತಿಳಿವಳಿಕೆ ಮನೆಯವರ ಪ್ರಾಣಕ್ಕೇ ಕುತ್ತು. ಈ ರೋಗ ಬಂದ ನಾಯಿಯೆಲ್ಲ ಕಚ್ಚುತ್ತಾ ಓಡುವುದಿಲ್ಲ. ಮೂಕ ರೂಪದಲ್ಲಿ ಅದು ಮೂಲೆ ಹಿಡಿದು ಕೂರುತ್ತದೆ, ದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ಧ್ವನಿ ಬದಲಾಗುತ್ತದೆ, ನೀರು ನುಂಗಲಾಗುವುದಿಲ್ಲ. ನೋಡಿದವರು ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಎಂದುಕೊಂಡು ಬಾಯಿಗೆ ಕೈ ಹಾಕುತ್ತಾರೆ. ಕೈಯಲ್ಲಿ ಒಂದು ತರಚು ಗಾಯವಿದ್ದರೂ ಸಾಕು. ಕಚ್ಚಿದ ಗಾಯಕ್ಕೆ ಸುಣ್ಣ, ಕಾಫಿಪುಡಿ, ಖಾರದಪುಡಿ ಮೆತ್ತುವುದು ಇನ್ನೂ ನಿಂತಿಲ್ಲ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರುಮಾಡಬೇಕು, ರಕ್ತ ಬಂದ ಗಾಯವಾದರೆ ಇಮ್ಯುನೋಗ್ಲೋಬುಲಿನ್ ಕೂಡ ಬೇಕು. ಬೆಕ್ಕಿನ ಕಚ್ಚು, ಪರಚಿಗೂ ಇದೇ ನಿಯಮ. ನಾಯಿಗೆ, ಬೆಕ್ಕಿಗೆ ಮೂರು ತಿಂಗಳಿಗೆ ಮೊದಲ ಲಸಿಕೆ, ಆಮೇಲೊಂದು ಮರುಡೋಸು, ಮುಂದೆ ವರ್ಷಕ್ಕೊಂದು.

ನಾಯಿಮರಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೋ ವೈರಾಣುವಿನ ಲಸಿಕೆಯಲ್ಲೂ ಇಂಥದೇ ಒಂದು ಗಂಟಿದೆ. ಮಾರುವವರು ಒಂದು ತಿಂಗಳ ಮರಿಗೆ ಒಂದು ಸೂಜಿ ಹಾಕಿಸಿ "ಎಲ್ಲ ಆಗಿದೆ" ಎನ್ನುತ್ತಾರೆ. ಆ ವಯಸ್ಸಿನಲ್ಲಿ ತಾಯಿಯ ಹಾಲಿನಿಂದ ಬಂದ ರೋಧಕಗಳೇ ಲಸಿಕೆಯನ್ನು ನಿಷ್ಫಲ ಮಾಡಿಬಿಡುತ್ತವೆ. ಆರರಿಂದ ಎಂಟನೇ ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರನೇ ವಾರದವರೆಗೆ ಹಾಕಿಸಬೇಕು. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇರಬೇಕು. ಅಂಗಡಿಯಲ್ಲಿ ಕೊಂಡು ಮಂಜುಗಡ್ಡೆಯಿಲ್ಲದ ಕವರಿನಲ್ಲಿ ಬಿಸಿಲಲ್ಲಿ ತಂದದ್ದು ಬರೀ ನೀರು. ಹಿಂದಿನ ಮರಿ ಸತ್ತ ಮನೆಗೆ ಹೊಸ ಮರಿ ತರುವವರಿಗೆ, ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಫಿನಾಯಿಲ್‌ಗೆ ಸಾಯುವುದಿಲ್ಲ, ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ತೊಳೆಯಬೇಕು ಎಂದು ಹೇಳುವವರೇ ಇಲ್ಲ.

ಇಲಾಖೆಯ ಹೊರೆ ನಮಗೆ ಗೊತ್ತಿಲ್ಲದ್ದಲ್ಲ. ಕಾಲುಬಾಯಿ ಜ್ವರದ ಲಸಿಕೆ, ಚರ್ಮಗಂಟು ರೋಗದ ಓಡಾಟ, ಕೃತಕ ಗರ್ಭಧಾರಣೆ, ಇವೆಲ್ಲದರ ನಡುವೆ ಒಬ್ಬೊಬ್ಬ ಪಶು ವೈದ್ಯಾಧಿಕಾರಿ ಎರಡು ಮೂರು ಆಸ್ಪತ್ರೆಗಳ ಪ್ರಭಾರ ಹೊತ್ತಿರುವುದನ್ನು ನೋಡಿದ್ದೇವೆ. ಹಸು, ಕುರಿ ರೈತರ ಹೊಟ್ಟೆಪಾಡು. ಮೊದಲ ಗಮನ ಅತ್ತ ಹೋಗುವುದು ನ್ಯಾಯವೇ. ಆದರೆ ಅದೇ ರೈತರ ಹಟ್ಟಿ ಕಾಯುವುದು ನಾಯಿ, ಕಣಜದ ಇಲಿ ಹಿಡಿಯುವುದು ಬೆಕ್ಕು. ಅವಕ್ಕೆ ಕಾಯಿಲೆ ಬಂದರೆ ಆ ಮನೆಯವರು ಬರುವುದೂ ತಮ್ಮ ಆಸ್ಪತ್ರೆಗೇ. ಆದ್ದರಿಂದ ಹೆಚ್ಚು ಖರ್ಚಿಲ್ಲದ ಕೆಲವು ಕೋರಿಕೆಗಳನ್ನಷ್ಟೇ ಮುಂದಿಡುತ್ತಿದ್ದೇವೆ.

ರೇಬಿಸ್ ಲಸಿಕೆ ಹಾಕಿಸಲು ಬಂದ ಪ್ರತಿಯೊಬ್ಬರ ಕೈಗೂ ಒಂದು ಚೀಟಿ ಕೊಡಿ. ಅದರಲ್ಲಿ ದೊಡ್ಡ ಅಕ್ಷರದಲ್ಲಿ ಇಷ್ಟಿರಲಿ: "ಮನುಷ್ಯರ ಜ್ವರದ, ನೋವಿನ ಮಾತ್ರೆ ನಾಯಿ, ಬೆಕ್ಕಿಗೆ ಕೊಡಬೇಡಿ. ಅವುಗಳಿಗೆ 102 ಡಿಗ್ರಿ ಜ್ವರವಲ್ಲ. ವಸಡು ಬಿಳಿ, ಹಳದಿ, ಕಂದು ಆದರೆ ಕೂಡಲೇ ಬನ್ನಿ. ಬೆಕ್ಕು ಬಾಯಿ ತೆರೆದು ಉಸಿರಾಡಿದರೆ, ಗಂಡು ಬೆಕ್ಕು ತಿಣುಕಿದರೂ ಮೂತ್ರ ಬಾರದಿದ್ದರೆ ಬೆಳಗಿನವರೆಗೆ ಕಾಯಬೇಡಿ. ವಿಷ ತಿಂದರೆ ಉಪ್ಪು ನೀರು, ಹುಣಸೆ ನೀರು, ಹಾಲು ಬೇಡ, ಪೊಟ್ಟಣ ತನ್ನಿ. ಜೊಲ್ಲು ಸುರಿಸುವ ನಾಯಿಯ ಬಾಯಿಗೆ ಕೈ ಹಾಕಬೇಡಿ." ಇದೇ ಮಾತಿನ ಹಾಳೆಯೊಂದನ್ನು ಔಷಧ ನಿಯಂತ್ರಣದವರ ಸಹಕಾರದಿಂದ ಔಷಧದಂಗಡಿಗಳಲ್ಲೂ, ಕೃಷಿ ಇಲಾಖೆಯ ಮೂಲಕ ಗೊಬ್ಬರದಂಗಡಿಗಳಲ್ಲೂ ಅಂಟಿಸುವಂತಾಗಲಿ. ಪ್ಯಾರಸಿಟಮಾಲ್‌ಗೆ ವೈದ್ಯರ ಚೀಟಿ ಬೇಕಿಲ್ಲ, ಹಾಗಾಗಿ "ಯಾರಿಗೆ ಬೇಕು?" ಎಂದು ಅಂಗಡಿಯವರು ಕೇಳುವ ಒಂದು ಪ್ರಶ್ನೆಯೇ ಅಲ್ಲಿರುವ ತಡೆ.

ಪ್ರತಿ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಒಂದು ತುರ್ತು ಪೆಟ್ಟಿಗೆ ಇರಲಿ. ಎನ್-ಅಸಿಟೈಲ್ ಸಿಸ್ಟೀನ್, ವಿಟಮಿನ್ ಕೆ-1, ಕೆಲವು ಬಗೆಯ ಕೀಟನಾಶಕಗಳ ವಿಷಕ್ಕೆ ಅಟ್ರೋಪಿನ್, ಫಿಟ್ಸ್ ನಿಲ್ಲಿಸಲು ಡಯಾಜೆಪಾಮ್, ಹೊಟ್ಟೆಯಲ್ಲಿರುವ ವಿಷ ಹೀರಲು ಸಕ್ರಿಯ ಇದ್ದಿಲು, 3.5 ಫ್ರೆಂಚ್ ನಳಿಕೆ, ಹಾವಿನ ಪ್ರತಿವಿಷದ ಕೆಲವು ಬಾಟಲಿ. ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ, ಈ ನಾಲ್ಕಕ್ಕೂ ಮನುಷ್ಯರಿಗೆ ಕೊಡುವ ಪ್ರತಿವಿಷವೇ ನಾಯಿಗೂ ಕೆಲಸ ಮಾಡುತ್ತದೆ. ಇವುಗಳಲ್ಲಿ ಹೆಚ್ಚಿನವು ಸರ್ಕಾರಿ ಆಸ್ಪತ್ರೆಗಳಿಗೆ ಹೇಗೂ ಖರೀದಿಯಾಗುವ ಔಷಧಗಳು. ಅದೇ ಖರೀದಿಯ ಜೊತೆ ತಮ್ಮ ಬೇಡಿಕೆಯನ್ನೂ ಸೇರಿಸಬಹುದು. ಪೆಟ್ಟಿಗೆಯ ಮೇಲೆ ಔಷಧಗಳ ಅವಧಿ ಮುಗಿಯುವ ತಿಂಗಳು ಬರೆದಿರಲಿ, ತಿಂಗಳಿಗೊಮ್ಮೆ ಯಾರಾದರೂ ತೆರೆದು ನೋಡಲಿ. ಇಲ್ಲವಾದರೆ ಬೇಕಾದ ರಾತ್ರಿ ಅದರಲ್ಲಿ ಅವಧಿ ಮೀರಿದ ಬಾಟಲಿ ಇರುತ್ತದೆ.

ಪಶು ಪರೀಕ್ಷಕರಿಗೂ ಹಳ್ಳಿಗಳಲ್ಲಿ ಜಾನುವಾರು ಆರೈಕೆಗೆ ನೆರವಾಗುವ ಪಶು ಸಖಿಯರಿಗೂ ಅರ್ಧ ದಿನದ ತರಬೇತಿ ಸಾಕು: ನಾಯಿಯನ್ನು ತೂಗಿ ನೋಡದೆ ಐವರ್‌ಮೆಕ್ಟಿನ್ ಮುಟ್ಟಬಾರದು, ಮರಿಗೆ ಒಂದು ಮಿಲಿಲೀಟರಿನ ಇನ್ಸುಲಿನ್ ಸಿರಿಂಜನ್ನೇ ಬಳಸಬೇಕು, ಬೆಕ್ಕಿಗೆ ದನದ ಉಣ್ಣಿ ಔಷಧ ಸೋಕಿಸಬಾರದು. ರಾತ್ರಿಯ ಹೊತ್ತಿಗೆ ಬೇಕಾಗಿರುವುದು ಹೊಸ ಕಟ್ಟಡವಲ್ಲ, ಫೋನ್ ಎತ್ತುವ ಒಬ್ಬ ವೈದ್ಯರು. ಜನರಿಗೆ ಆಗಲೇ ಗೊತ್ತಿರುವ ಪಶು ಸಹಾಯವಾಣಿ 1962 ಸಂಖ್ಯೆಗೆ ರಾತ್ರಿ ಪಾಳಿಯಲ್ಲಿ ನಾಯಿ, ಬೆಕ್ಕುಗಳ ವಿಷಪ್ರಾಶನದ ಬಗ್ಗೆ ಸಲಹೆ ಕೊಡುವವರನ್ನು ಜೋಡಿಸಬಹುದು. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳು ಸರದಿಯಂತೆ ಈ ಪಾಳಿ ನೋಡಿಕೊಂಡರೆ ಒಬ್ಬರ ಮೇಲೇ ಭಾರ ಬೀಳುವುದಿಲ್ಲ. "ಏನನ್ನೂ ಕುಡಿಸಬೇಡಿ, ಪೊಟ್ಟಣದ ಮೇಲಿನ ಹೆಸರು ಓದಿ ಹೇಳಿ" ಎನ್ನಲು ಎರಡು ನಿಮಿಷ ಸಾಕು.

ಚೀಟಿಯ ಕರಡನ್ನು ಕನ್ನಡದಲ್ಲಿ ನಾವೇ ಬರೆದುಕೊಡಲು ಸಿದ್ಧರಿದ್ದೇವೆ. ತಮ್ಮ ತಜ್ಞರು ತಿದ್ದಲಿ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಲಸಿಕೆ ಶಿಬಿರಗಳಿಗೆ ಜನ ತಾವಾಗಿಯೇ ನಾಯಿ, ಬೆಕ್ಕು ಹಿಡಿದುಕೊಂಡು ಬರುತ್ತಾರೆ. ಅಷ್ಟರೊಳಗೆ ಚೀಟಿ ಅಚ್ಚಾಗಿ ಶಿಬಿರಗಳಿಗೆ ತಲುಪುವಂತೆ ಆದೇಶಿಸಬೇಕೆಂದೂ, ತುರ್ತು ಪೆಟ್ಟಿಗೆಯ ವಿಷಯದಲ್ಲಿ ಇಲಾಖೆಯ ತೀರ್ಮಾನವನ್ನು ಸಾರ್ವಜನಿಕವಾಗಿ ತಿಳಿಸಬೇಕೆಂದೂ ವಿನಂತಿಸುತ್ತೇವೆ.

ಗೌರವಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿಗಳು,
ಸಾಕುನಾಯಿ, ಬೆಕ್ಕುಗಳ ಚಿಕಿತ್ಸೆ ಮತ್ತು ಆರೈಕೆಯಲ್ಲಿ ತೊಡಗಿರುವವರು